ಮಜ್ಜಿಗಿಗೆ ಉಪ್ಪು ಅಂತ ನೈಟ್ರೈಟ್ ಹಾಕ್ಕೊಂಡು ಕುಡದ. ಸಣ್ಣ ಬಣ್ಣದ ಶೆಡ್ಡಿನ್ಯಾಗ ಕೆಮಿಕಲ್ ಹ್ಯಾಂಗ ಇಡಬೇಕ್ರಿ?

ಬಣ್ಣದಮನಿ_ಬನಹಟ್ಟಿ | ಭಾನುವಾರ ರಾತ್ರಿ 9:40

ನಮಸ್ಕಾರ್ರಿ ಎಲ್ಲಾರಿಗೂ. ಬನಹಟ್ಟಿಯೊಳಗ ನಮ್ಮದು ನೂಲಿಗೆ ಬಣ್ಣ ಹಾಕೋ ಶೆಡ್ ಐತಿ. ಅಪ್ಪ ಹಾಕಿದ್ದು, ಈಗ ಅಣ್ಣ ನಾನು ನೋಡ್ಕೋತೀವಿ. ಏಳು ಮಂದಿ ಕೆಲಸಕ್ಕ ಬರ್ತಾರ. ನಾಫ್ತಾಲ್ ಬಣ್ಣಾನೂ ಮಾಡ್ತೀವಿ, ವ್ಯಾಟ್ ಬಣ್ಣಾನೂ ಮಾಡ್ತೀವಿ.

ಹೋದ ಮಂಗಳವಾರ ಮಧ್ಯಾಹ್ನ ಎಲ್ಲಾರೂ ಊಟಕ್ಕ ಕುಂತಿದ್ರು. 22 ವರ್ಷದ ಹುಡುಗ ಒಬ್ಬಾಂವ ಮಜ್ಜಿಗಿ ಸಪ್ಪಗೈತಿ ಅಂತ ಎದ್ದು ಹೋಗಿ, ಕಟ್ಟಿ ಮ್ಯಾಲಿನ ಬರಣಿಯೊಳಗಿಂದ ಉಪ್ಪು ತಗೊಂಡು ಕದಡಿ ಕುಡದ. ಅದು ಉಪ್ಪಲ್ಲರಿ, ಬಣ್ಣಕ್ಕ ಬಳಸೋ ಸೋಡಿಯಂ ನೈಟ್ರೈಟ್. ಚೀಲದಿಂದ ದಿನಕ್ಕ ಬೇಕಾಗೋವಷ್ಟು ತಗದು ಹಳೇ ಉಪ್ಪಿನಕಾಯಿ ಬರಣಿಯೊಳಗ ಹಾಕಿಡ್ತಿದ್ವಿ. ನೋಡಾಕ ಬೆಳ್ಳಗ ಹರಳು ಹರಳು, ರುಚೀನೂ ಉಪ್ಪುಪ್ಪು ಇತ್ತಂತ.

ಕಾಲು ತಾಸು ಆಗಿರಲಿಲ್ಲ, ತಲಿ ತಿರಗತೈತಿ ಅಂದು ಗ್ವಾಡಿ ಹಿಡಕೊಂಡು ಕುಂತ. ತುಟಿ ನೇರಳಿಹಣ್ಣು ತಿಂದಾಂಗ ಆಗಿತ್ತು. ನಾವು ಬಣ್ಣ ಮೆತ್ತೇತಿ ಅಂತ ಮೊದಲು ಒರೆಸಿದ್ವಿ. ಹೋಗಲಿಲ್ಲ. ಉಗುರು ನೋಡಿದ್ರ ಅವೂ ಹಂಗ ಆಗಿದ್ವು. ಆವಾಗ ಗಾಡಿ ಮ್ಯಾಲ ನಡುವ ಕೂಡಿಸಿಕೊಂಡು ಓಡಿದ್ವಿ.

ದವಾಖಾನಿಯೊಳಗ ಆಕ್ಸಿಜನ್ ಹಚ್ಚಿದ್ರೂ ನೀಲಿ ಇಳೀಲಿಲ್ಲ. ರಕ್ತ ತಗದ್ರ ಸಿರಿಂಜಿನ್ಯಾಗ ಕಾಕಂಬಿ ಹಂಗ ಕಂದು ಬಣ್ಣ. "ಏನ್ ತಿಂದಾನ?" ಅಂತ ಡಾಕ್ಟರು ಮೂರು ಸಲ ಕೇಳಿದ್ರು. ಉಪ್ಪು ಹಾಕ್ಕೊಂಡಾನ ಅಂದ್ವಿ. ಬರಣಿ ಮ್ಯಾಲ ಹೆಸರಿಲ್ಲ. ಅಣ್ಣಗ ಹೊಳದು, ಶೆಡ್ಡಿಗೆ ವಾಪಸ್ ಹೋಗಿ ಚೀಲದ ಫೋಟೋ ಕಳಿಸಿದ ಮ್ಯಾಲ ಇಂಜೆಕ್ಷನ್ ಕೊಟ್ರು. ಮೂರು ದಿನಕ್ಕ ಹುಡುಗ ಮನಿಗೆ ಬಂದ.

ಆ ಬರಣಿ ಅಲ್ಲಿ ಇಟ್ಟಾಂವ ನಾನ. ನಿದ್ದಿ ಬರವಲ್ದು. ದೊಡ್ಡ ಕಂಪನಿಗತೆ ಸೇಫ್ಟಿ ಆಫೀಸರ್ ಇಡೋ ಶಕ್ತಿ ನಮಗಿಲ್ಲ. ಎಲ್ಲಿಂದ ಸುರು ಮಾಡ್ಲಿ, ಏನ್ ತರಲಿ, ಕಾನೂನು ಏನ್ ಹೇಳತೈತಿ? ಬೈಯೋರು ಬೈರಿ, ಆದ್ರ ದಾರಿ ಹೇಳ್ರಿ.

ಗೋಕಾಕ_ಕರದಂಟು | 9:52

ಯಪ್ಪಾ, ದೇವರು ದೊಡ್ಡಾಂವ. ಹುಡುಗ ಈಗ ಹ್ಯಾಂಗದಾನ?

ಬಣ್ಣದಮನಿ_ಬನಹಟ್ಟಿ | 9:55

ಆರಾಮದಾನ್ರಿ. ಸ್ವಲ್ಪ ನಿತ್ರಾಣ ಐತಿ ಅಂತಾನ. ಪಗಾರ ಕೊಡಾಕತ್ತೀವಿ, ಆರಾಮ ಆದ ಮ್ಯಾಲ ಬಾ ಅಂದೀವಿ.

ಲ್ಯಾಬ್_ಅಕ್ಕ | 10:20

ತಮ್ಮಾ, ನಾನು ಬೆಳಗಾವಿಯಲ್ಲಿ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ. ನೀನು ಹೇಳಿದ ಕಂದು ರಕ್ತಕ್ಕೆ ಮೆಥೆಮೊಗ್ಲೋಬಿನ್ ಕಾರಣ. ರಕ್ತದ ಹಿಮೋಗ್ಲೋಬಿನ್‌ನಲ್ಲಿರೋ ಕಬ್ಬಿಣಾಂಶವನ್ನು ನೈಟ್ರೈಟ್ ಬದಲಾಯಿಸಿಬಿಡತ್ತೆ, ಆಮೇಲೆ ಅದು ಆಕ್ಸಿಜನ್ ಹೊರೋದಿಲ್ಲ. ಅದಕ್ಕೇ ಮೂಗಿಗೆ ಎಷ್ಟು ಆಕ್ಸಿಜನ್ ಹಚ್ಚಿದರೂ ತುಟಿ ನೀಲಿಯಾಗಿಯೇ ಇರತ್ತೆ. ಅವನಿಗೆ ಕೊಟ್ಟ ಇಂಜೆಕ್ಷನ್ ಮೆಥಿಲೀನ್ ಬ್ಲೂ ಅನ್ನೋ ಪ್ರತಿವಿಷ ಇರಬೇಕು. ಒಂದೆರಡು ಗ್ರಾಮ್ ನೈಟ್ರೈಟ್ ಕೂಡ ಜೀವಕ್ಕೆ ಎರವಾಗಬಹುದು, ಒಂದು ಟೀ ಚಮಚದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯತ್ತೆ.

ನಿಮ್ಮಣ್ಣ ಚೀಲದ ಫೋಟೋ ತಂದಿದ್ದೇ ಆ ಹುಡುಗನನ್ನು ಉಳಿಸಿತು. ಎಲ್ಲರೂ ನೆನಪಿಡಿ: ರೋಗಿಯ ಜೊತೆ ಡಬ್ಬಿ, ಚೀಲ ಅಥವಾ ಲೇಬಲ್ಲಿನ ಫೋಟೋ ದವಾಖಾನೆಗೆ ಹೋಗಬೇಕು. ದೆಹಲಿ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, ನಂಬರ್ 1800 116 117, ಹಗಲೂ ರಾತ್ರಿ ಇರತ್ತೆ. ಗೋಡೆ ಮೇಲೆ ದೊಡ್ಡದಾಗಿ ಬರೆಸು. ಡಾಕ್ಟರೂ ಅದಕ್ಕೆ ಫೋನ್ ಮಾಡಿ ಕೇಳಬಹುದು.

ಫೌಂಡ್ರಿಮಂದಿ_ಉದ್ಯಮಬಾಗ | 10:41

ತಮ್ಮಾ, ನೀನೊಬ್ನ ಅಲ್ಲ. ನಮ್ಮ ಫೌಂಡ್ರಿಯೊಳಗ ಅಚ್ಚಿಗೆ ಹಚ್ಚೋ ಕೋಟಿಂಗ್ ತೆಳು ಮಾಡಾಕ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸ್ತೀವಿ. ನೀರಿನಂಗ ಇರ್ತೈತಿ. ಒಬ್ಬಾಂವ ಅದನ್ನ ಕುಡಿಯೋ ನೀರಿನ ಬಾಟ್ಲಿಯೊಳಗ ತುಂಬಿಟ್ಟಿದ್ದ, ಬ್ಯಾಸಿಗಿಯೊಳಗ ಮತ್ತೊಬ್ಬಾಂವ ಬಂದು ಗಟಗಟ ಎತ್ತಿದ. ಬಾಯಿಗೆ ಹೋದ ಕೂಡಲೇ ಉಗುಳಿದ, ಬಚಾವಾದ.

ಅವತ್ತಿನಿಂದ ನಮ್ಮಲ್ಲಿ ಒಂದ ನಿಯಮ. ಖಾಲಿ ಆದ ನೀರಿನ ಬಾಟ್ಲಿಗೆ ಸಂಜೀಕ ಕಾದ ಮೊಳಿಯಿಂದ ತೂತು ಹಾಕಿನ ಹೊರಗ ಒಗಿಯೋದು. ತಿನ್ನೋ ಸಾಮಾನು ಬಂದ ಡಬ್ಬಿ, ಬರಣಿ ಯಾವುದೂ ಶಾಪ್ ಫ್ಲೋರಿನ ಮ್ಯಾಲ ಉಳಿಯಂಗಿಲ್ಲ. ತೂತಿರೋ ಬಾಟ್ಲಿಯೊಳಗ ಯಾರೂ ಏನೂ ತುಂಬಾಕ ಆಗೂದಿಲ್ಲ ನೋಡು. ನಾಳೆ ಮುಂಜಾನೆ ಇದನ್ನ ಮೊದಲು ಮಾಡು, ಖರ್ಚು ಸೊನ್ನೆ.

ಹಳೇ_ಬಣ್ಣಗಾರ_ಇಳಕಲ್ | 11:05

ತಮ್ಮಾ, ಗಾಬರಿ ಆಗಬ್ಯಾಡ. ನಾನು 40 ವರ್ಷ ಬಣ್ಣದ ಕೆಲಸ ಮಾಡೀನಿ, ಬರಿಗೈಲೆ ನೂಲು ಹಿಂಡೀನಿ. ನಮಗೇನೂ ಆಗಿಲ್ಲ. ಮೊದಲಿನ ಮಂದಿ ಕಣ್ಣಿಲೆ ನೋಡಿ, ಮುಟ್ಟಿ ಹೇಳ್ತಿದ್ರು ಇದು ನೈಟ್ರೈಟ್, ಇದು ಸೋಡಾ, ಇದು ಉಪ್ಪು ಅಂತ. ಈಗಿನ ಹುಡುಗ್ರಿಗೆ ಕೆಲಸದ ಮ್ಯಾಲ ಲಕ್ಷ್ಯ ಇಲ್ಲ, ಕೈಯಾಗ ಮೊಬೈಲ್. ಲೇಬಲ್ ಹಚ್ಚಿದ್ರೂ ಓದೋರ್ಯಾರು?

ಗೋಕಾಕ_ಕರದಂಟು | 11:09

ಕಾಕಾ, ಆ ಹುಡುಗ ಊಟಕ್ಕ ಕುಂತಿದ್ದ, ಮೊಬೈಲ್ ಎಲ್ಲಿ ಬಂತು ಇದ್ರಾಗ? ಬರಣಿ ಮ್ಯಾಲ ಓದಾಕ ಏನೂ ಇರಲೇ ಇಲ್ಲಲ್ಲ.

ಲ್ಯಾಬ್_ಅಕ್ಕ | 11:30

ಕಾಕಾ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ‘ಏನೂ ಆಗಿಲ್ಲ’ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಬಣ್ಣದ ಕೆಲಸದ ಕೆಲವು ಪೆಟ್ಟು ಅವತ್ತೇ ಗೊತ್ತಾಗಲ್ಲ. ಬೆಂಜಿಡಿನ್‌ನಿಂದ ತಯಾರಾಗ್ತಿದ್ದ ಬಣ್ಣಗಳು ಮೂತ್ರಕೋಶದ ಕ್ಯಾನ್ಸರ್ ತರ್ತವೆ ಅಂತ ಸಾಬೀತಾಗಿ, ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಅವನ್ನು ನಿಷೇಧ ಮಾಡಿದರು. ಆ ಕಾಯಿಲೆ ಕಾಣಿಸಿಕೊಳ್ಳೋಕೆ 20, 30 ವರ್ಷ ಹಿಡಿಯತ್ತೆ. ಅಷ್ಟೊತ್ತಿಗೆ ಮನುಷ್ಯ ಕೆಲಸ ಬಿಟ್ಟಿರ್ತಾನೆ, ಬಣ್ಣಕ್ಕೂ ರೋಗಕ್ಕೂ ಯಾರೂ ನಂಟು ಹಾಕಲ್ಲ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತರೂ, ಹಳೇ ಬಣ್ಣಗಾರರು ತೋರಿಸಿಕೊಳ್ಳಲೇಬೇಕು. ಡಾಕ್ಟರಿಗೆ ‘ಇಷ್ಟು ವರ್ಷ ಬಣ್ಣದ ಕೆಲಸ ಮಾಡೀನಿ’ ಅಂತ ಬಾಯಿಬಿಟ್ಟು ಹೇಳಬೇಕು.

ಕೆಮಿಸ್ಟ್_ಜಮಖಂಡಿ | ಸೋಮವಾರ ಮುಂಜಾನೆ 7:15

ನಾನು ಬಟ್ಟಿಗೆ ಬಣ್ಣ ಹಾಕೋ ಒಂದು ಪ್ರೊಸೆಸ್ ಹೌಸಿನೊಳಗ 17 ವರ್ಷ ಕೆಮಿಸ್ಟ್ ಇದ್ದೆ. ಮಂದಿ ನೈಟ್ರೈಟ್ ಹಿಡಕೊಂಡು ಕುಂತಾರ, ಬಣ್ಣದಮನಿ ಅವರ ಶೆಡ್ಡಿನ್ಯಾಗ ಅದಕ್ಕಿಂತ ದೊಡ್ಡ ಅಪಾಯ ಹೈಡ್ರೋಸ್ ಐತಿ, ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ.

ವ್ಯಾಟ್ ಬಣ್ಣಕ್ಕ ಬಳಸೋ ಹೈಡ್ರೋಸ್, ಅಂದ್ರ ಸೋಡಿಯಂ ಹೈಡ್ರೋಸಲ್ಫೈಟ್, ಸ್ವಲ್ಪ ಹಸಿ ತಗುಲಿದ್ರ ತಾನ ಕಾಯ್ತೈತಿ, ಹೊಗಿ ಬಿಡತೈತಿ, ಬೆಂಕೀನೂ ಹಿಡೀತೈತಿ. ಮಳಿಗಾಲದಾಗ ತಗಡು ಸೋರಿ ಒಂದು ನಾಕು ಹನಿ ಡ್ರಮ್ಮಿನ್ಯಾಗ ಬಿದ್ರ ಸಾಕು. ಒದ್ದಿ ಕೈಯಿಂದ, ಒದ್ದಿ ಡಬರಿಯಿಂದ ಅದನ್ನ ತಗೀಬ್ಯಾಡ್ರಿ. ಡ್ರಮ್ ನೆಲದ ಮ್ಯಾಲ ಬ್ಯಾಡ, ಕಟ್ಟಿಗಿ ಪಟ್ಟಿ ಮ್ಯಾಲ ಇರಲಿ. ಒಳಗಿನ ಪ್ಲಾಸ್ಟಿಕ್ ಚೀಲ ಪ್ರತಿ ಸಲ ಸುತ್ತಿ ಕಟ್ಟಬೇಕು. ತೂಗಿದ ಮ್ಯಾಲ ಉಳದದ್ದನ್ನ ವಾಪಸ್ ಡ್ರಮ್ಮಿಗೆ ಸುರೀಬ್ಯಾಡ್ರಿ. ನಾವು ಹೈಡ್ರೋಸ್ ಡ್ರಮ್ಮಿನ ಮ್ಯಾಲ ಒಂದು ಒಣ ಮಗ್ ಬ್ಯಾರೇನ ಕಟ್ಟಿಟ್ಟಿದ್ವಿ, ಅದಕ್ಕ ಬ್ಯಾರೆ ಯಾವ ಕೆಲಸಾನೂ ಇರಲಿಲ್ಲ.

ಇನ್ನ ಯಾವುದರ ಬಾಜೂಕ ಯಾವುದು ಇಡಬಾರದು ಅನ್ನೋದು. ನೈಟ್ರೈಟ್ ಚೀಲ ಆಸಿಡ್ ಕ್ಯಾನಿನ ಹತ್ರ ಬ್ಯಾಡ. ಎರಡೂ ಕೂಡಿದ್ರ ಕಂದು ಹೊಗಿ ಏಳತೈತಿ, ಆ ಹೊಗಿ ಉಸಿರಾಡಿದಾಂವ ಅವತ್ತು ಕೆಮ್ಮಿ ಸುಮ್ಮನಾಗ್ತಾನ, ರಾತ್ರಿಗೆ ಪುಪ್ಪುಸದಾಗ ನೀರು ತುಂಬಿ ಉಸಿರು ಕಟ್ಟತೈತಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಕೂಡಿದ್ರ ಕ್ಲೋರಿನ್. ನೆಲದ ಕಲೆ ತಿಕ್ಕಾಕ ಎರಡೂ ಕೂಡಿಸೋರು ಎಷ್ಟು ಮಂದಿ ಅದಾರ ಅಂತ ನನಗ ಗೊತ್ತೈತಿ. ಪೆರಾಕ್ಸೈಡ್ ಕ್ಯಾನಿನ ಮುಚ್ಚಳಕ್ಕ ಸಣ್ಣ ಗಾಳಿ ತೂತು ಇರ್ತೈತಿ, ಅದನ್ನ ಸೋರತೈತಿ ಅಂತ ಎಂಸೀಲ್ ಹಚ್ಚಿ ಬಂದ್ ಮಾಡಬ್ಯಾಡ್ರಿ, ಕ್ಯಾನ್ ಉಬ್ಬಿ ಒಡೀತೈತಿ.

ಕಾಸ್ಟಿಕ್ ಸೋಡಾ ಬಗ್ಗೆ ಒಂದ ಮಾತು: ನೀರಿನ್ಯಾಗ ಕಾಸ್ಟಿಕ್ ಹಾಕಬೇಕು, ಸ್ವಲ್ಪ ಸ್ವಲ್ಪ, ತಣ್ಣೀರಿನ್ಯಾಗ. ಕಾಸ್ಟಿಕ್ ಮ್ಯಾಲ ನೀರು ಸುರಿದ್ರ ಕುದ್ದು ಮಾರಿಗೆ ಸಿಡೀತೈತಿ. ಆಸಿಡ್ಡಿಗೂ ಇದ ಮಾತು.

ಕೃಷ್ಣಾ_ತೀರ | 7:48

ಹೈಡ್ರೋಸ್ ಹೊಗಿ ಆಡಿದ್ರ ನೀರು ಹಾಕಬಾರದು, ಉಸುಕು ಸುರೀಬೇಕು. ನಮ್ಮ ಮಾವನ ಶೆಡ್ಡಿನ್ಯಾಗ ಎರಡು ಬಕೆಟ್ ಉಸುಕು ಅದಕ್ಕ ಇಟ್ಟಾರ.

ಕೆಮಿಸ್ಟ್_ಜಮಖಂಡಿ | 8:10

ತಪ್ಪು ತಿಳುವಳಿಕಿ ಅದು, ದಯವಿಟ್ಟು ಮಾವಗ ಇವತ್ತ ಫೋನ್ ಮಾಡ್ರಿ. ಹೈಡ್ರೋಸ್ ಉರಿಯಾಕ ಹೊರಗಿನ ಗಾಳಿ ಬೇಕಾಗೂದಿಲ್ಲ, ಉಸುಕು ಹಾಕಿ ಮುಚ್ಚಿದ್ರೂ ಒಳಗ ನಡದ ಇರ್ತೈತಿ. ಒಂದು ಕೊಡ ನೀರು ಹಾಕಿದ್ರ ಇನ್ನೂ ಜೋರಾಗ್ತೈತಿ. ಹಾಕಿದ್ರ ಡ್ರಮ್ ಮುಳುಗೋ ಹಂಗ ಧಾರಾಳ ನೀರು ಒಮ್ಮೆಲೇ ಬೀಳಬೇಕು, ಅದು ಅಗ್ನಿಶಾಮಕದವರ ಪೈಪಿನ ಕೆಲಸ. ಮ್ಯಾಲ ಸಲ್ಫರ್ ಡೈಆಕ್ಸೈಡ್ ಹೊಗಿ ಬ್ಯಾರೆ. ಮಂದೀನ ಹೊರಗ ಕರಕೊಂಡು ಗಾಳಿ ಬರೋ ದಿಕ್ಕಿಗೆ ನಿಂದ್ರಿಸಿ 112ಕ್ಕ ಫೋನ್ ಹಚ್ರಿ, ಏನೈತಿ ಅನ್ನೋದನ್ನ ಹೆಸರು ಹಿಡಿದು ಹೇಳ್ರಿ.

ಕೃಷ್ಣಾ_ತೀರ | 8:14

ಇದು ಗೊತ್ತ ಇರಲಿಲ್ಲರಿ. ಈಗ ಫೋನ್ ಮಾಡ್ತೀನಿ.

ಟಿಕೋಟಾ_ದ್ರಾಕ್ಷಿ | 9:30

ಸಲ್ಫರ್ ಹೊಗಿ ಅಂದ್ರಲ್ಲ, ವಿಜಯಪುರದ ಕಡೆ ನಮ್ಮ ಒಣದ್ರಾಕ್ಷಿ ಶೆಡ್ಡಿನ ಮಂದಿ ಇದನ್ನ ಓದಬೇಕು. ಬಂಗಾರ ಬಣ್ಣ ಬರಲಿ ಅಂತ ಮಣೂಕಕ್ಕ ಗಂಧಕದ ಹೊಗಿ ಕೊಡ್ತಾರ. ಕೋಲಿ ಬಾಗಲಾ ತಗದ ಕೂಡಲೇ ಹೆಣ್ಣುಮಕ್ಕಳು ಸೆರಗು ಬಾಯಿಗೆ ಕಟ್ಟಿಕೊಂಡು ಒಳಗ ಹೋಗ್ತಾರ. ಕಣ್ಣಾಗ ನೀರು, ಕೆಮ್ಮು, ಗಂಟಲು ಹರಿದಾಂಗ. ಉಬ್ಬಸ ಇದ್ದ ನಮ್ಮ ಚಿಗವ್ವ ಒಂದು ಹಂಗಾಮಿನ ಮ್ಯಾಲ ಹೋಗೋದ ಬಿಟ್ಲು. ಎನ್95 ಮಾಸ್ಕ್ ಕೊಡಿಸಿದ್ರ ಸಾಕಲ್ಲ?

ಕೆಮಿಸ್ಟ್_ಜಮಖಂಡಿ | 9:44

ಸಾಲೂದಿಲ್ಲರಿ. ಎನ್95 ಧೂಳು ತಡೀತೈತಿ, ಗ್ಯಾಸ್ ಅದರೊಳಗಿಂದ ಸೀದಾ ದಾಟತೈತಿ. ಕಾರ್ಟ್ರಿಜ್ ಹಾಕೋ ರಬ್ಬರ್ ಮಾಸ್ಕ್ ಬೇಕು, ಕಾರ್ಟ್ರಿಜ್ ಮ್ಯಾಲ ಸಲ್ಫರ್ ಡೈಆಕ್ಸೈಡಿಗೆ ನಡೀತೈತಿ ಅಂತ ಬರದಿರಬೇಕು. ಆದ್ರ ಮಾಸ್ಕಿಗಿಂತ ಮೊದಲಿನ ಕೆಲಸ ಬ್ಯಾರೆ ಐತಿ. ಬಾಗಲಾ ಎದುರು ಬದುರು ತಗದು, ಫ್ಯಾನ್ ಹಚ್ಚಿ, ಹೊಗಿ ಪೂರ್ತಿ ಹೋಗೋತನಕ ಯಾರನ್ನೂ ಒಳಗ ಬಿಡಬ್ಯಾಡ್ರಿ. ಹಳೇ ಕಾರ್ಖಾನೆ ಕಾಯ್ದೆಯ ಪಟ್ಟಿಯೊಳಗ ಈ ಗ್ಯಾಸಿಗೆ ಎಂಟು ತಾಸಿನ ಸರಾಸರಿ ಮಿತಿ 10 ಲಕ್ಷಕ್ಕ 2 ಭಾಗ ಅಷ್ಟ ಇತ್ತು. ಕಣ್ಣು ಉರೀತು, ಕೆಮ್ಮು ಬಂತು ಅಂದ್ರ ಮಿತಿ ದಾಟೇತಿ ಅಂತ ತಿಳೀರಿ. ಉಬ್ಬಸ ಇದ್ದೋರಿಗಂತೂ ಆ ಕೆಲಸ ಹಚ್ಚಲೇಬ್ಯಾಡ್ರಿ.

ಸಕ್ರಿ_ಫ್ಯಾಕ್ಟರಿ_ಮುಧೋಳ | 10:15

ಸಕ್ಕರಿ ಕಾರ್ಖಾನಿಯೊಳಗೂ ಗಂಧಕ ಸುಡ್ತೀವಿ, ಅದು ವಾಸನಿ ಬಡಿದು ಎಚ್ಚರಾ ಮಾಡತೈತಿ. ನನಗ ಹೆದರಿಕಿ ಹುಟ್ಟಸೋದು ಎಫ್ಲುಯೆಂಟ್ ಟ್ಯಾಂಕ್, ಅಂದ್ರ ಕಾರ್ಖಾನಿ ಹೊಲಸು ನೀರಿನ ಟ್ಯಾಂಕ್. ಕೊಳೆತ ಕೆಸರಿನ್ಯಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟತೈತಿ. ಮೊದಲು ಕೊಳತ ತತ್ತಿ ವಾಸನಿ ಬರ್ತೈತಿ, ಗ್ಯಾಸ್ ಜಾಸ್ತಿ ಆದ್ರ ಮೂಗಿನ ಶಕ್ತಿನ ಹೋಗತೈತಿ. ವಾಸನಿ ಹೋತು, ಗ್ಯಾಸ್ ಖಾಲಿ ಆತು ಅಂತ ತಿಳಕೊಂಡು ಇಳೀತಾರ. ಒಬ್ಬ ಬೀಳ್ತಾನ, ಅವನ್ನ ಎತ್ತಾಕ ಇನ್ನೊಬ್ಬ ಇಳೀತಾನ, ಅವನೂ ಬೀಳ್ತಾನ. ನಾನು ಕೆಲಸಕ್ಕ ಸೇರಿದ ಮೊದಲ ವರ್ಷ ನಮ್ಮ ಫೋರ್‌ಮನ್ ಟ್ಯಾಂಕಿನ ಬಾಯಿಯೊಳಗ ನಿಂತು, "ನಾ ಬಿದ್ರೂ ನೀ ಇಳೀಬ್ಯಾಡ, ಹಗ್ಗ ಜಗ್ಗು" ಅಂದಿದ್ರು. ಮೀಟರಿನಿಂದ ಗ್ಯಾಸ್ ನೋಡದ, ಸೊಂಟಕ್ಕ ಹಗ್ಗ ಇಲ್ಲದ, ಮ್ಯಾಲ ಒಬ್ಬ ನಿಂದ್ರದ ಯಾವ ಟ್ಯಾಂಕ್, ಯಾವ ಗುಂಡಿಯೊಳಗೂ ಇಳೀಬ್ಯಾಡ್ರಿ. ಬಣ್ಣದಮನಿ ಅವರ, ನಿಮ್ಮ ಬಣ್ಣದ ನೀರಿನ ಗುಂಡಿ ತೊಳಸೋವಾಗೂ ಇದನ್ನ ನೆನಪ ಇಡ್ರಿ.

ಗೋಕಾಕ_ಕರದಂಟು | 10:31

ಅಂದಂಗ ಆ ಬಣ್ಣದ ನೀರು ಎಲ್ಲಿ ಹೋಗತೈತಿ?

ಬಣ್ಣದಮನಿ_ಬನಹಟ್ಟಿ | 10:50

ಗುಂಡಿಯೊಳಗ ಬಿಟ್ಟು ಕೆಸರು ಕುಂದ್ರಸ್ತೀವ್ರಿ. ಅದೂ ಸರಿ ಇಲ್ಲ ಅಂತ ಗೊತ್ತೈತಿ, ಅದಕ್ಕ ಬ್ಯಾರೇನ ಬರೀತೀನಿ. ಮೊದಲು ಮನುಷ್ಯಾರ ಜೀವದ್ದು ಮುಗಸೋಣ.

ವಕೀಲ_ವಿಜಯಪುರ | 12:05

ಕಾನೂನಿನ ಬಗ್ಗೆ ಕೇಳಿದ್ದೀರಿ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಕರೆಂಟಿನಿಂದ ಯಂತ್ರ ನಡೆಯೋ ಕಡೆ 10 ಜನ ಇದ್ದರೆ ಅದು ಕಾರ್ಖಾನೆ. ಭೋಪಾಲ್ ದುರಂತದ ನಂತರ 1987ರಲ್ಲಿ ಅಪಾಯಕಾರಿ ಕೆಲಸಗಳಿಗಾಗಿಯೇ ಒಂದು ಹೊಸ ಅಧ್ಯಾಯ ಸೇರಿಸಿದರು. ಬಳಸುವ ವಸ್ತುವಿನ ಅಪಾಯವನ್ನು ಕಾರ್ಮಿಕನಿಗೆ ತಿಳಿಸೋದು ಆಗಿನಿಂದ ಮಾಲೀಕನ ಕರ್ತವ್ಯ. ನಿಮ್ಮಲ್ಲಿ 7 ಜನ, ಆದ್ದರಿಂದ ಆ ಲೆಕ್ಕಕ್ಕೆ ಬರಲಿಕ್ಕಿಲ್ಲ.

ಫೌಂಡ್ರಿಮಂದಿ_ಉದ್ಯಮಬಾಗ | 12:20

ವಕೀಲ ಸಾಹೇಬ್ರ, ಅದು ಹಳೇದಾತು. ಕೆಲಸದ ಜಾಗದ ಸುರಕ್ಷತೆಗೆ ಮಾಡಿದ 2020ರ ಹೊಸ ಸಂಹಿತೆ 2025ರ ನವೆಂಬರಿನಿಂದ ಜಾರಿ ಆಗೇತಿ. ಅದರೊಳಗ 10ರ ಜಾಗಕ್ಕ 20 ಆಗೇತಿ.

ವಕೀಲ_ವಿಜಯಪುರ | 12:34

ಹೌದು, ತಿದ್ದಿದ್ದಕ್ಕೆ ಧನ್ಯವಾದ. ಆದರೆ ತಲೆ ಎಣಿಸಿ ‘ನಮಗೆ ಕಾನೂನಿಲ್ಲ’ ಅಂತ ಕೂರೋದು ಸರಿಯಲ್ಲ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡೋ ಹೊಣೆ 1923ರ ಕಾಯ್ದೆಯಿಂದಲೂ ಮಾಲೀಕನ ಮೇಲಿದೆ, ಒಬ್ಬನೇ ಆಳಿದ್ದರೂ ಸಹ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಲ್ಲಿ ಡಬ್ಬಿಯ ಮೇಲೆ ಒಳಗೇನಿದೆ, ತಯಾರಿಸಿದವರು ಯಾರು ಅಂತ ಬರೆದಿರಬೇಕು ಎಂದಿದೆ. ಅಂಗಡಿಯವನು ಬಿಡಿಯಾಗಿ ಹೆಸರಿಲ್ಲದ ಕವರಿನಲ್ಲಿ ಕಟ್ಟಿಕೊಟ್ಟರೆ ತಗೋಬೇಡಿ. ಸುರಕ್ಷತಾ ಮಾಹಿತಿ ಪತ್ರ ಕೇಳಿ. ಎಸ್‌ಡಿಎಸ್ ಅಂದರೆ ಅವರಿಗೆ ತಿಳಿಯುತ್ತೆ.

ಬಣ್ಣದಮನಿ_ಬನಹಟ್ಟಿ | 1:10

ಎಸ್‌ಡಿಎಸ್ ಕೇಳಿದೆ, ವಾಟ್ಸಾಪಿಗೆ ಕಳಿಸ್ಯಾರ. ಹತ್ತು ಹನ್ನೆರಡು ಪುಟ ಐತಿ, ಪೂರಾ ಇಂಗ್ಲಿಷ್. ಏನ್ ಓದಲಿ?

ಕೆಮಿಸ್ಟ್_ಜಮಖಂಡಿ | 1:25

ಅದರೊಳಗ 16 ಭಾಗ ಇರ್ತಾವ, ಎಲ್ಲಾ ಕಂಪನೀದೂ ಒಂದ ಕ್ರಮ. 4 ಪ್ರಥಮ ಚಿಕಿತ್ಸಾ, 5 ಬೆಂಕಿ, 7 ಹ್ಯಾಂಗ ಇಡಬೇಕು, 8 ಕೈಗವಸು ಮಾಸ್ಕ್, 10 ಯಾವುದರ ಜೋಡಿ ಕೂಡಬಾರದು. ಈ ಐದು ಸಾಕು. ಒಂದೊಂದು ಕೆಮಿಕಲ್ಲಿಗೆ ಕನ್ನಡದಾಗ ಐದ ಸಾಲು ಬರದು ಆ ಡ್ರಮ್ಮಿನ ಎದುರಿನ ಗ್ವಾಡಿಗೆ ಹಚ್ಚು. ಓದಾಕ ಬಾರದೋರಿಗೆ ಬಣ್ಣದ ಗುರುತು ಮಾಡು: ನೈಟ್ರೈಟ್ ಡಬ್ಬಿಗೆ ಕೆಂಪು ಪಟ್ಟಿ, ಅದರ ಮ್ಯಾಲ ತಲೆಬುರುಡಿ.

ಹಳೇ_ಬಣ್ಣಗಾರ_ಇಳಕಲ್ | 2:40

ರಾತ್ರಿ ಬರದ ಮ್ಯಾಲ ನನಗೂ ವಿಚಾರ ಬಂತು. ನಮ್ಮ ಜೋಡಿ ಒಂದ ತೊಟ್ಟಿಯೊಳಗ ಕೆಲಸ ಮಾಡ್ತಿದ್ದ ದೋಸ್ತ ಒಬ್ಬಾಂವ ಮೂತ್ರದಾಗ ರಕ್ತ ಹೋಗಿ ಹೋಗಿ ತೀರಿಕೊಂಡ. ಬೀಡಿ ಸೇದ್ತಿದ್ದ, ಅದಕ್ಕ ಅಂತ ಎಲ್ಲಾರೂ ಅಂದ್ವಿ. ತಂಗೀ, ನನಗೀಗ 67. ತೋರಿಸಿಕೋಬೇಕನ?

ಹುಡುಗ್ರ ಲಕ್ಷ್ಯದ ಮಾತು ಮಾತ್ರ ನಾ ಬಿಡೂದಿಲ್ಲ. ಲೇಬಲ್ ಹಚ್ಚು, ಜೋಡೀಲೆ ಕೂಡಿಸಿಕೊಂಡು ಕಲಸು. ನಾವು ಹೊಸ ಹುಡುಗಗ ಆರು ತಿಂಗಳು ಕಾಸ್ಟಿಕ್ ಮುಟ್ಟಾಕ ಬಿಡ್ತಿರಲಿಲ್ಲ.

ಲ್ಯಾಬ್_ಅಕ್ಕ | 3:05

ಬೀಡೀನೂ ಆ ಕ್ಯಾನ್ಸರಿಗೆ ಕಾರಣವೇ, ಬಣ್ಣ ಸೇರಿದರೆ ಇನ್ನೂ ಹೆಚ್ಚು. ಕಾಕಾ, ಒಂದು ಮೂತ್ರ ಪರೀಕ್ಷೆ ಮಾಡಿಸಿ, ಸಣ್ಣ ಖರ್ಚು. ಬಣ್ಣದ ಕೆಲಸ ಮಾಡಿದ್ದು ಹೇಳೋದು ಮರೀಬೇಡಿ. ಹುಡುಗರಿಗೆ ಕಲಿಸೋ ವಿಷಯದಲ್ಲಿ ನಿಮ್ಮ ಮಾತೇ ಸರಿ.

ಮಹಾಲಿಂಗಪುರ_ಸೊಸಿ | 3:30

ಒಂದು ಮಾತು ಯಾರೂ ಬರದಿಲ್ಲ. ನಮ್ಮ ಮನಿಯವರ ಬಣ್ಣದ ಅಂಗಿ ನಾನ ಒಗೀತಿದ್ದೆ, ಕೂಸಿನ ಅರಬಿ ಜೋಡಿ ಒಂದ ಬಕೆಟಿನ್ಯಾಗ. ಅಂಗೈ ಬಿರುಕು ಬಿಟ್ಟು ರಕ್ತ ಬರ್ತಿತ್ತು. ಕೆಲಸದ ಅಂಗಿ ಕೆಲಸದ ಕಡೇನ ಇರಲಿ, ಅಲ್ಲೇ ಒಗೀಲಿ. ಕೈಕಾಲು ತೊಳಕೊಂಡು ಬ್ಯಾರೆ ಅರಬಿ ಹಾಕ್ಕೊಂಡು ಮನಿಗೆ ಬರ್ರಿ. ಕೂಸನ್ನ ಎತ್ತಿಕೊಳ್ಳೋರು ನೀವ.

ಸಿಮೆಂಟ್_ಧೂಳು | 4:02

ಧೂಳಿನ ಕೆಲಸದೋರು ದಿನಾ ಬೆಲ್ಲ ತಿಂದ್ರ ಎಲ್ಲಾ ಹೋಗತೈತಿ. ನಮ್ಮಲ್ಲಿ ಪ್ರತಿ ಶಿಫ್ಟಿಗೆ ಕೊಡ್ತಾರ.

ಫೌಂಡ್ರಿಮಂದಿ_ಉದ್ಯಮಬಾಗ | 4:11

ಅಣ್ಣಾ, ಬೆಲ್ಲ ಹೊಟ್ಟಿಗೆ ಹೋಗತೈತಿ, ಧೂಳು ಪುಪ್ಪುಸಕ್ಕ ಹೋಗತೈತಿ. ಉಸುಕಿನ ಸಣ್ಣ ಧೂಳು ಒಳಗ ಕುಂತು ಸಿಲಿಕೋಸಿಸ್ ಆದ್ರ ಅದನ್ನ ಗುಣ ಮಾಡೋ ಔಷಧ ಇಲ್ಲ. ನನ್ನ ಜೋಡಿ ಫೆಟ್ಲಿಂಗ್, ಅಂದ್ರ ಎರಕದ ಸಾಮಾನು ತಿಕ್ಕಿ ನಯ ಮಾಡೋ ಕೆಲಸ, ಮಾಡ್ತಿದ್ದಾಂವ ಈಗ ಎರಡು ಮೆಟ್ಟಲಾ ಏರಿದ್ರ ನಿಂದ್ರತಾನ. ಅವಗೂ ದಿನಾ ಬೆಲ್ಲ ಕೊಡ್ತಿದ್ರು. ತಿನ್ರಿ, ಆದ್ರ ಮಾಸ್ಕ್ ಬಿಡಬ್ಯಾಡ್ರಿ. ನೀರು ಹೊಡದು ಧೂಳು ಏಳದಂಗ ಮಾಡೋದು ಅದಕ್ಕಿಂತ ಚಲೋ.

ಬಣ್ಣದಮನಿ_ಬನಹಟ್ಟಿ | ಬುಧವಾರ ರಾತ್ರಿ 8:50

ಎರಡು ದಿನದಾಗ ಆದದ್ದು ಹೇಳ್ತೀನಿ. ಊಟದ ಜಾಗ ಶೆಡ್ಡಿನ ಹೊರಗ ಬೇವಿನ ಗಿಡದ ಕೆಳಗ ಮಾಡೀವಿ, ಉಪ್ಪು ಖಾರ ಎಲ್ಲಾ ಅಲ್ಲೇ. ಹಳೇ ಬರಣಿ, ಬಾಟ್ಲಿ 31 ಸಿಕ್ಕವು, ನಾಕು ಬಿಟ್ಟು ಉಳದದ್ದಕ್ಕೆಲ್ಲಾ ತೂತು ಹಾಕಿದ್ವಿ. ಆ ನಾಕರಾಗ ಏನೈತಿ ಅಂತ ನನಗೂ ಅಣ್ಣಗೂ ಹೇಳಾಕ ಆಗಲಿಲ್ಲ. ಅವನ್ನ ಮುಟ್ಟದ ಬ್ಯಾರೆ ಇಟ್ಟೀವಿ, ಕೆಮಿಸ್ಟ್ ಸರ್ ಫೋಟೋ ಕಳಸಂದಾರ. ನೈಟ್ರೈಟ್ ಚೀಲ ಬೀಗ ಹಾಕೋ ಕಪಾಟಿಗೆ ಹೋತು, ಕೀಲಿ ನನ್ನ ಕಡೆ. ತೂಗಿ ಕೊಟ್ಟು ಪುಸ್ತಕದಾಗ ಬರೀತೀನಿ.

ಕಾಸ್ಟಿಕ್ ತೊಟ್ಟಿ ಹತ್ರ ಕಣ್ಣು ತೊಳಿಯಾಕ ನಳ ಕೂಡಸಾಕತ್ತೀವಿ. ಎಷ್ಟೊತ್ತು ತೊಳೀಬೇಕು? ನಿಂಬಿಹಣ್ಣು, ವಿನೆಗರ್ ಹಾಕಿದ್ರ ಕಾಸ್ಟಿಕ್ ಸಾಯತೈತಿ ಅಂತಾರ, ಖರೇನ?

ಲ್ಯಾಬ್_ಅಕ್ಕ | 9:05

ಕಣ್ಣಿಗೆ ನಿಂಬೆ, ವಿನೆಗರ್, ಹಾಲು, ಎದೆಹಾಲು ಏನೂ ಬೇಡ. ಬರೀ ನೀರು. ರೆಪ್ಪೆ ಬೆರಳಿನಿಂದ ಬಿಡಿಸಿ ಹಿಡಿದು, ಕಾಸ್ಟಿಕ್ ಆದರೆ ಅರ್ಧ ತಾಸಾದರೂ ಸಣ್ಣ ಧಾರೆ ಬಿಡಬೇಕು. ಮೊದಲ ಹತ್ತು ಸೆಕೆಂಡು ಬಹಳ ಮುಖ್ಯ, ಅದಕ್ಕೇ ನಳ ಕಣ್ಣು ಮುಚ್ಚಿಕೊಂಡು ನಡೆದರೂ ಸಿಗೋವಷ್ಟು ಹತ್ತಿರ ಇರಲಿ, ದಾರಿಯಲ್ಲಿ ನೂಲಿನ ಮೂಟೆ ಇಡಬೇಡಿ. ಕಾಸ್ಟಿಕ್ ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಹೋಗುವಾಗ ಸುಟ್ಟ ಗಂಟಲು ಬರುವಾಗ ಮತ್ತೆ ಸುಡತ್ತೆ.

ಸಕ್ರಿ_ಫ್ಯಾಕ್ಟರಿ_ಮುಧೋಳ | 9:20

ನಳಕ್ಕ ನೀರು ಎಲ್ಲಿಂದ ಬರ್ತೈತಿ? ಮಾಳಿಗಿ ಮ್ಯಾಲಿನ ಕರೇ ಟ್ಯಾಂಕಿನಿಂದ ಆದ್ರ ಏಪ್ರಿಲ್ ಮಧ್ಯಾಹ್ನ ಕೈ ಇಡಾಕ ಆಗೂದಿಲ್ಲ, ಕಣ್ಣಿಗೆ ಹ್ಯಾಂಗ ಹಾಕ್ತಾನ?

ಬಣ್ಣದಮನಿ_ಬನಹಟ್ಟಿ | 9:24

ಕರೇ ಟ್ಯಾಂಕೇ ಐತ್ರಿ. ಇದು ತಲಿಗೆ ಬಂದೇ ಇರಲಿಲ್ಲ.

ಸಕ್ರಿ_ಫ್ಯಾಕ್ಟರಿ_ಮುಧೋಳ | 9:33

ಶೆಡ್ಡಿನೊಳಗ ನೆರಳಿನ್ಯಾಗ, ತಲಿಗಿಂತ ಎರಡು ಅಡಿ ಮ್ಯಾಲ ಬ್ಯಾರೆ ಟ್ಯಾಂಕ್ ಕೂಡಸು, 200 ಲೀಟರಿನದು. ಬೋರಿನ ನೀರು ಬ್ಯಾಡ, ಕುಡಿಯೋ ನೀರು ತುಂಬು. ವಾರಕ್ಕೊಮ್ಮೆ ನಳ ಬಿಟ್ಟು ಹಳೇ ನೀರು ತಗೀಬೇಕು, ಇಲ್ಲಂದ್ರ ಪಾಚಿ ಕಟ್ಟತೈತಿ. ಅದಕ್ಕ ಸೋಮವಾರ ಅಂತ ಒಬ್ಬನ ಹೆಸರು ಬರದು ಹಚ್ಚು.

ಬಣ್ಣದಮನಿ_ಬನಹಟ್ಟಿ | 9:41

ಹಳೇ ಟ್ಯಾಂಕ್ ಒಂದು ಹಿತ್ತಲದಾಗ ಐತಿ. ನಾಳೆ ತೊಳಸ್ತೀನಿ. ಮೊದಲು ಅದರೊಳಗ ಏನಿತ್ತು ಅಂತ ಅಣ್ಣನ ಕೇಳ್ತೀನಿ.

ಕೆಮಿಸ್ಟ್_ಜಮಖಂಡಿ | 9:43

ಕೇಳಬ್ಯಾಡ. ಹೊಸಾದು ತಾ.